ಎಂಟು ಮೂಲೆಯ ಆ ಚಿನ್ನದ ನಾಣ್ಯ: ಅಸಲಿಯೋ, ನಕಲಿಯೋ?

ಪ್ರಶ್ನೆ: ನಾನು ಶಿವಮೊಗ್ಗದವನು, ಈಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇನೆ. ಹಳೆ ನಾಣ್ಯಗಳ ಹುಚ್ಚು ಮೊದಲಿನಿಂದಲೂ ಇದೆ. ಮೈಸೂರು ಸಂಸ್ಥಾನದ ತಾಮ್ರದ ಕಾಸುಗಳು ಒಂದಷ್ಟು ಇವೆ. ಇತ್ತೀಚೆಗೆ ಸ್ಯಾಕ್ರಮೆಂಟೊ ಕಡೆ ಒಂದು ಮನೆಯವರು ಹಳೆ ಸಾಮಾನು ಮಾರುತ್ತಿದ್ದರು. ಅಲ್ಲಿ ಎಂಟು ಮೂಲೆಯ ದೊಡ್ಡ ನಾಣ್ಯವೊಂದನ್ನು ನೋಡಿದೆ. ಆಗಸ್ಟಸ್ ಹಂಬರ್ಟ್ ಅನ್ನುವ ಹೆಸರು, 1851, 50 ಡಾಲರ್ ಅಂತ ಇದೆ. ಅವರದೇ ಅಡುಗೆಮನೆ ತಕ್ಕಡಿಯಲ್ಲಿ ತೂಗಿದರೆ 41 ಗ್ರಾಂ ಬಂತು. ಜೊತೆಗೆ ಕರಡಿ ಚಿತ್ರವಿರುವ, ಕಿರುಬೆರಳ ಉಗುರಿನಷ್ಟು ಸಣ್ಣ ನಾಣ್ಯಗಳೂ ಇವೆ. ಅವುಗಳ ಮೇಲೆ 'ಕ್ಯಾಲಿಫೋರ್ನಿಯಾ ಗೋಲ್ಡ್, 1852' ಅಂತಿದೆ. ಮುತ್ತಜ್ಜ ಗಣಿಯಲ್ಲಿ ಕೆಲಸ ಮಾಡಿದ್ದಕ್ಕೆ ಸಿಕ್ಕಿದ್ದು ಅಂತ ಹೇಳುವ ಹಳೆ ಕಾಗದವನ್ನೂ ತೋರಿಸಿದರು. ಎಲ್ಲಾ ಸೇರಿ 4,000 ಡಾಲರ್ ಕೇಳುತ್ತಿದ್ದಾರೆ. ತಗೊಳ್ಳಲೇ? ಇಂಥ ನಾಣ್ಯಗಳ ಸಂಗ್ರಹ ಶುರು ಮಾಡಬೇಕು ಅಂದ್ರೆ ಏನು ಗೊತ್ತಿರಬೇಕು? ಊರಿಗೆ ಬರುವಾಗ ತರಬಹುದೇ?

ಉತ್ತರ: ತಗೊಳ್ಳಬೇಡಿ. ಆ ಎಂಟು ಮೂಲೆಯ ನಾಣ್ಯ ನಕಲಿ. ಅದನ್ನು ಹೇಳಲು ಫೋಟೊ ಕೂಡ ಬೇಕಿಲ್ಲ, ನೀವು ಬರೆದ 41 ಗ್ರಾಂ ಒಂದೇ ಸಾಕು.

ಲೆಕ್ಕ ಬಿಡಿಸಿ ಹೇಳುತ್ತೇನೆ, ಮುಂದೆ ನೀವೇ ಮಾಡಿಕೊಳ್ಳಬಹುದು. ಆಗಿನ ಅಮೆರಿಕದ ಕಾನೂನಿನಲ್ಲಿ ಒಂದು ಡಾಲರ್ ಅಂದ್ರೆ 23.22 ಗ್ರೇನ್ ಶುದ್ಧ ಚಿನ್ನ, ನಮ್ಮ ಲೆಕ್ಕದಲ್ಲಿ ಒಂದೂವರೆ ಗ್ರಾಂ. 50 ಡಾಲರ್ ನಾಣ್ಯದಲ್ಲಿ 75 ಗ್ರಾಂಗಿಂತ ತುಸು ಜಾಸ್ತಿ ಶುದ್ಧ ಚಿನ್ನ ಇರಬೇಕು. ಹಂಬರ್ಟ್ ಅಂದ್ರೆ ಆಗ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಸರ್ಕಾರದ ಪರವಾಗಿ ಚಿನ್ನ ಪರೀಕ್ಷಿಸುತ್ತಿದ್ದವನು. 1851ರ ಅವನ ನಾಣ್ಯಗಳಲ್ಲಿ ಸಾವಿರಕ್ಕೆ 880 ಅಥವಾ 887 ಪಾಲು ಚಿನ್ನ, ಉಳಿದದ್ದು ಹೆಚ್ಚಾಗಿ ಬೆಳ್ಳಿ. ಹಾಗಾಗಿ ನಾಣ್ಯದ ಒಟ್ಟು ತೂಕ 85 ಗ್ರಾಂ ಆಸುಪಾಸು ಬರಬೇಕು. ಕೈಯಿಂದ ಕೈಗೆ ಹೋಗಿ ಸವೆದರೆ ಸ್ವಲ್ಪ ಕಮ್ಮಿಯಾಗಬಹುದು. ಅರ್ಧಕ್ಕೆ ಅರ್ಧ ಸವೆಯುವುದಿಲ್ಲ. ಅದೇ ಗಾತ್ರದ ನಾಣ್ಯವನ್ನು ಹಿತ್ತಾಳೆಯಲ್ಲಿ ಮಾಡಿದರೆ ಎಷ್ಟು ತೂಗುತ್ತದೆ ಗೊತ್ತಾ? ಹೆಚ್ಚು ಕಡಿಮೆ 41 ಗ್ರಾಂ. ನೀವು ನೋಡಿದ್ದು ಗಿಲೀಟು ಮಾಡಿದ ಹಿತ್ತಾಳೆ ಇರಬೇಕು. ಇನ್ನೊಂದು ಮಾತು: ಅಸಲಿ ಹಂಬರ್ಟ್ ನಾಣ್ಯ ಎಷ್ಟೇ ಪೆಟ್ಟು ತಿಂದಿದ್ದರೂ ಹತ್ತಾರು ಸಾವಿರ ಡಾಲರ್ ಬಾಳುತ್ತದೆ. ಬರೀ ಚಿನ್ನದ ಬೆಲೆಯೇ 4,000 ದಾಟುತ್ತದೆ. ಚಿನ್ನದ ಬೆಲೆಗಿಂತ ಕಮ್ಮಿಗೆ ಇಂಥ ನಾಣ್ಯ ಯಾರೂ ಕೊಡುವುದಿಲ್ಲ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರೋಣ. ಇವನ್ನು ಸಂಗ್ರಹಕಾರರು ಪಯನೀರ್ ಗೋಲ್ಡ್ ಅನ್ನುತ್ತಾರೆ. ಸರ್ಕಾರಿ ಟಂಕಸಾಲೆಯಲ್ಲಿ ಅಚ್ಚು ಹಾಕಿದ್ದಲ್ಲ, ಖಾಸಗಿಯವರು ಅಚ್ಚು ಹಾಕಿದ ಚಿನ್ನದ ನಾಣ್ಯಗಳು. ಅಮೆರಿಕದ ಸಂವಿಧಾನ ರಾಜ್ಯಗಳಿಗೆ ನಾಣ್ಯ ಮಾಡಬೇಡಿ ಅಂತ ಹೇಳಿತ್ತು, ಆದರೆ ಖಾಸಗಿಯವರಿಗೆ ಬೇಡ ಅಂದಿರಲಿಲ್ಲ. ಅದನ್ನು ಕಾನೂನು ಮಾಡಿ ನಿಲ್ಲಿಸಿದ್ದು 1864ರಲ್ಲಿ. ಅಲ್ಲಿವರೆಗೆ ಚಿನ್ನ ಸಿಕ್ಕ ಕಡೆಯಲ್ಲೆಲ್ಲಾ ಅಕ್ಕಸಾಲಿಗರು, ಗಡಿಯಾರ ಮಾಡುವವರು, ಬ್ಯಾಂಕಿನವರು, ಕೊನೆಗೆ ಒಂದು ಚರ್ಚು ಕೂಡ ನಾಣ್ಯ ಹೊಡೆದದ್ದುಂಟು.

1848ರ ಜನವರಿ 24ರಂದು ಕ್ಯಾಲಿಫೋರ್ನಿಯಾದ ಕೊಲೊಮಾದಲ್ಲಿದ್ದ ಸಟರ್ ಮರದ ಮಿಲ್ಲಿನ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್ ಚಿನ್ನ ಕಂಡ. ಮರುವರ್ಷದಿಂದ ಜನ ಹರಿದು ಬಂದರು. ಚಿನ್ನದ ಪುಡಿ ಬೇಕಾದಷ್ಟಿತ್ತು, ನಾಣ್ಯ ಇರಲಿಲ್ಲ. ಅಂಗಡಿಯವರು ಒಂದು ಔನ್ಸ್ ಪುಡಿಗೆ 16 ಡಾಲರ್ ಲೆಕ್ಕ ಹಿಡಿಯುತ್ತಿದ್ದರು. ಟಂಕಸಾಲೆಗೆ ಕೊಂಡೊಯ್ದರೆ ಅದಕ್ಕೆ 18 ಡಾಲರ್ ಹತ್ತಿರ ಸಿಗುತ್ತಿತ್ತು. ಆದರೆ ಟಂಕಸಾಲೆ ಇದ್ದದ್ದು ಖಂಡದ ಆ ತುದಿಯಲ್ಲಿ, ಫಿಲಡೆಲ್ಫಿಯಾದಂಥ ಊರುಗಳಲ್ಲಿ. ಸ್ಯಾನ್‌ಫ್ರಾನ್ಸಿಸ್ಕೊದ ಸುಂಕದ ಕಟ್ಟೆಯಲ್ಲಿ ಪುಡಿ ನಡೆಯುತ್ತಿರಲಿಲ್ಲ, ನಾಣ್ಯವೇ ಬೇಕಿತ್ತು. ಈ ಸಂದಿಯಲ್ಲಿ ಖಾಸಗಿ ಟಂಕಸಾಲೆಗಳು ಹುಟ್ಟಿಕೊಂಡವು. 1854ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲೇ ಸರ್ಕಾರಿ ಟಂಕಸಾಲೆ ತೆರೆದ ಮೇಲೆ ಒಂದೊಂದಾಗಿ ಮುಚ್ಚಿಕೊಂಡವು. ಅವರ ನಾಣ್ಯಗಳಲ್ಲಿ ಬಹುಪಾಲು ಅದೇ ಸರ್ಕಾರಿ ಕುಲುಮೆಯಲ್ಲಿ ಕರಗಿಹೋದವು. ಅಳಿದುಳಿದವುಗಳಿಗೆ ಇವತ್ತು ಈ ಬೆಲೆ.

ಕ್ಯಾಲಿಫೋರ್ನಿಯಾಕ್ಕಿಂತ ಮೊದಲೂ ಈ ಕೆಲಸ ನಡೆದಿತ್ತು. 1830ರಲ್ಲಿ ಜಾರ್ಜಿಯಾದಲ್ಲಿ ಟೆಂಪಲ್‌ಟನ್ ರೀಡ್ ಅನ್ನುವವನು ಶುರು ಮಾಡಿದ. ಅವನ ನಾಣ್ಯದಲ್ಲಿ ಹೇಳಿದಷ್ಟು ಚಿನ್ನ ಇಲ್ಲ ಅಂತ ಪತ್ರಿಕೆಯಲ್ಲಿ ಬರೆದರು. ಕೆಲವೇ ತಿಂಗಳಲ್ಲಿ ಅಂಗಡಿ ಮುಚ್ಚಿತು. ಅದರ ಮರುವರ್ಷ ನಾರ್ತ್ ಕ್ಯಾರೊಲಿನಾದ ರದರ್‌ಫರ್ಡ್‌ಟನ್‌ನಲ್ಲಿ ಜರ್ಮನಿಯಿಂದ ಬಂದ ಕ್ರಿಸ್ಟೊಫರ್ ಬೆಕ್ಟ್‌ಲರ್ ಶುರು ಮಾಡಿದ. ಅವನು ನಾಣ್ಯದ ಮೇಲೇ ತೂಕ ಇಷ್ಟು ಗ್ರೇನ್, ಶುದ್ಧತೆ ಇಷ್ಟು ಕ್ಯಾರೆಟ್ ಅಂತ ಒತ್ತುತ್ತಿದ್ದ. 1840ರ ಹೊತ್ತಿಗೆ ಸುಮಾರು 22 ಲಕ್ಷ ಡಾಲರ್ ಬೆಲೆಯ ನಾಣ್ಯ ಹೊಡೆದಿದ್ದ. ಒಂದು ಡಾಲರ್‌ನ ಚಿನ್ನದ ನಾಣ್ಯವನ್ನು ಅಮೆರಿಕದಲ್ಲಿ ಮೊದಲು ಮಾಡಿದ್ದೂ ಅವನೇ. ಸರ್ಕಾರ ಅದನ್ನು ಮಾಡಿದ್ದು 1849ರಲ್ಲಿ. ನನಗೆ ಈ ಇಡೀ ಬಳಗದಲ್ಲಿ ಬೆಕ್ಟ್‌ಲರ್ ಮೇಲೆ ವಿಶೇಷ ಪ್ರೀತಿ. ಚಿತ್ರವಿಲ್ಲ, ಹದ್ದಿಲ್ಲ, ದೇವಿಯ ಮುಖವಿಲ್ಲ. ಬರೀ ಅಕ್ಷರ, ಅಂಕಿ. ಮಾಡಿದವನ ಹೆಸರು, ಊರು, ತೂಕ, ಶುದ್ಧತೆ. ಜನ ಅಷ್ಟನ್ನೇ ನಂಬಿ ತಗೊಂಡರು.

ಇಷ್ಟೆಲ್ಲಾ ಯಾಕೆ ಹೇಳಿದೆ ಅಂದ್ರೆ, ಈ ನಾಣ್ಯಗಳಲ್ಲಿ ನಕಲಿ ಹಿಡಿಯುವ ದಾರಿ ಶುರುವಾಗುವುದೇ ಇಲ್ಲಿಂದ. ಸರ್ಕಾರಿ ನಾಣ್ಯಕ್ಕೆ ಒಂದೇ ಅಳತೆಗೋಲು. ತೂಕ ಇಷ್ಟು, ಚಿನ್ನ ಇಷ್ಟು, ಅಂಚು ಹೀಗೆ. ತಪ್ಪಿದರೆ ನಕಲಿ. ಪಯನೀರ್ ನಾಣ್ಯಕ್ಕೆ ಆ ಅಳತೆಗೋಲು ನಡೆಯುವುದಿಲ್ಲ. ಪ್ರತಿ ಟಂಕಸಾಲೆಗೂ ತನ್ನದೇ ಚಿನ್ನ, ತನ್ನದೇ ಯಂತ್ರ, ತನ್ನದೇ ಪ್ರಾಮಾಣಿಕತೆ. ಕೆಲವರು ಕಮ್ಮಿ ಚಿನ್ನ ಹಾಕಿದರು, ಕೆಲವರು ಜಾಸ್ತಿ ಹಾಕಿದರು. ಹಾಗಾಗಿ ಕೇಳಬೇಕಾದ ಪ್ರಶ್ನೆ 'ಇದು ಒಳ್ಳೆ ಚಿನ್ನವಾ?' ಅಂತಲ್ಲ. 'ಈ ಮನುಷ್ಯ ಆ ವರ್ಷ ಮಾಡುತ್ತಿದ್ದದ್ದು ಹೀಗೇನಾ?' ಅಂತ.

ಉದಾಹರಣೆಗೆ ಯೂಟಾದ ಮಾರ್ಮನ್ ಅನ್ನುವ ಕ್ರೈಸ್ತ ಪಂಥದವರ ನಾಣ್ಯಗಳನ್ನು ನೋಡಿ. 1849ರಲ್ಲಿ ಸಾಲ್ಟ್ ಲೇಕ್‌ನಲ್ಲಿ ಚರ್ಚಿನವರೇ ಹೊಡೆದದ್ದು. ಒಂದು ಬದಿ ಕೈಕುಲುಕುವ ಎರಡು ಕೈ, ಇನ್ನೊಂದು ಬದಿ ಎಲ್ಲವನ್ನೂ ನೋಡುವ ಕಣ್ಣು. ಹತ್ತು ಡಾಲರ್ ಅಂತ ಬರೆದ ನಾಣ್ಯದಲ್ಲಿ ಇದ್ದದ್ದು ಎಂಟೂವರೆ ಡಾಲರ್ ಆಸುಪಾಸಿನ ಚಿನ್ನ. ಅವರ ಬಳಿ ಚಿನ್ನ ಶುದ್ಧಮಾಡುವ ವ್ಯವಸ್ಥೆ ಇರಲಿಲ್ಲ. ಈಗ ಒಂದು ಮಾರ್ಮನ್ ಹತ್ತು ಡಾಲರ್ ನಾಣ್ಯ ಸಿಕ್ಕಿ, ಅದರಲ್ಲಿ ಕಾನೂನಿನ ಪ್ರಕಾರ ಪೂರ್ತಿ ಚಿನ್ನ ಇದ್ದರೆ? ಸಂತೋಷಪಡಬೇಡಿ, ಅನುಮಾನಪಡಿ. ಇದಕ್ಕೆ ತಿರುಗುಮುರುಗು ಒರೆಗಾನ್‌ನ ಬೀವರ್ ನಾಣ್ಯ. ಅದೂ 1849ರದ್ದೇ. ಬೀವರ್ ಅನ್ನುವ, ಬಾಲ ಚಪ್ಪಟೆಯಾಗಿರುವ ನೀರುಪ್ರಾಣಿಯ ಚಿತ್ರ ಅದರ ಮೇಲಿದೆ. ಗಣಿಯಿಂದ ಬಂದ ಚಿನ್ನವನ್ನು ಏನೂ ಬೆರೆಸದೆ ಹಾಗೇ ಹೊಡೆದರು. ಮುಖಬೆಲೆಗಿಂತ ನೂರಕ್ಕೆ ಎಂಟು ಪಾಲು ಹೆಚ್ಚು ಚಿನ್ನ. ಕರಗಿಸಿದರೆ ಲಾಭ ಅಂತ ಜನ ಕರಗಿಸಿಯೇಬಿಟ್ಟರು. ಅದಕ್ಕೇ ಇವತ್ತು ಅಷ್ಟು ಅಪರೂಪ. ಐದು ಡಾಲರ್ ಬೀವರ್ ಮೇಲೆ 130 ಗ್ರೇನ್ ಅಂತಲೇ ಒತ್ತಿದ್ದಾರೆ. ತೂಗಿ ನೋಡುವ ಮೊದಲು ಇದು ಗೊತ್ತಿರಬೇಕು.

ಬಾಲ್ಡ್‌ವಿನ್ ಕಂಪನಿಯ ಕಥೆ ಬೇರೆ. 1850ರಲ್ಲಿ ಹಗ್ಗ ಬೀಸುವ ಕುದುರೆ ಸವಾರನ ಚಿತ್ರವಿರುವ ಹತ್ತು ಡಾಲರ್ ನಾಣ್ಯ ಹೊರಡಿಸಿದರು. ಪಯನೀರ್ ನಾಣ್ಯಗಳಲ್ಲೆಲ್ಲಾ ಚೆಂದ ಅಂದ್ರೆ ಅದೇ. ಮರುವರ್ಷ ಜೇಮ್ಸ್ ಕಿಂಗ್ ಆಫ್ ವಿಲಿಯಂ ಅನ್ನುವ ಬ್ಯಾಂಕರ್ ಬೇರೆ ಬೇರೆ ಕಂಪನಿಯ ನಾಣ್ಯಗಳನ್ನು ಹಂಬರ್ಟ್ ಕೈಗೆ ಕೊಟ್ಟು ಪರೀಕ್ಷೆ ಮಾಡಿಸಿದ. ಬಾಲ್ಡ್‌ವಿನ್ ನಾಣ್ಯದಲ್ಲಿ ನೂರಕ್ಕೆ ಮೂರರಷ್ಟು ಕೊರತೆ ಕಂಡಿತು. ಊರೆಲ್ಲಾ ಗುಲ್ಲಾಯಿತು, ಕಂಪನಿ ಮುಚ್ಚಿತು. ಆ ಕುದುರೆ ಸವಾರನನ್ನು ಇವತ್ತು ನಕಲು ಮಾಡುವವರು ಬಹಳ ಜನ. ಚೆಂದ ಇದ್ದದ್ದಕ್ಕೇ ನಕಲು ಜಾಸ್ತಿ, ಅಲ್ವಾ?

ನಮ್ಮವರು ಸಾಮಾನ್ಯವಾಗಿ ಎಡವುವುದು ಎಲ್ಲಿ ಅಂತ ಹೇಳಿಬಿಡುತ್ತೇನೆ. ನಮಗೆ ಚಿನ್ನ ಅಂದ್ರೆ 916. ಇಪ್ಪತ್ತೆರಡು ಕ್ಯಾರೆಟ್ ಅಂತ ಯಂತ್ರ ತೋರಿಸಿದರೆ ಮನಸ್ಸು ಹಗುರಾಗುತ್ತದೆ. ಒಡವೆಗೆ ಸರಿ. ಆದರೆ 1851ರ ಹಂಬರ್ಟ್ ನಾಣ್ಯ 916 ಬಂದರೆ ಅದು ತಪ್ಪು ಚಿನ್ನ. ಅದರ ಮೇಲೆ 880 ಅಥವಾ 887 ಅಂತ ಬರೆದಿದ್ದರೆ ಒಳಗೂ ಅದೇ ಇರಬೇಕು. ಜೊತೆಗಿರುವುದು ಬೆಳ್ಳಿ. ಕ್ಯಾಲಿಫೋರ್ನಿಯಾದ ಚಿನ್ನ ನೆಲದಿಂದ ಬರುವಾಗಲೇ ಬೆಳ್ಳಿ ಬೆರೆತು ಬರುತ್ತದೆ. ಹಾಗಾಗಿ ಈ ಮೊದಲ ನಾಣ್ಯಗಳ ಬಣ್ಣ ನಿಂಬೆಹಳದಿಗೆ ಹತ್ತಿರ, ಕೆಲವೊಮ್ಮೆ ಹಸಿರು ಛಾಯೆ. ತಾಮ್ರ ಬೆರೆಸಿದ ಚಿನ್ನದ ಕೆಂಪು ಅಲ್ಲಿ ಕಂಡರೆ ಒಂದು ಹೆಜ್ಜೆ ಹಿಂದೆ ಸರಿಯಿರಿ.

ಇನ್ನು ಬೇಡವೇ ಬೇಡದ ಎರಡು ಕೆಲಸ. ಪರಿಚಯದ ಅಕ್ಕಸಾಲಿಗರ ಹತ್ತಿರ ಹೋಗಿ ಒರೆಗಲ್ಲಿಗೆ ಉಜ್ಜಿಸಬೇಡಿ. ಅಂಚಿನಲ್ಲಿ ಒಂದು ಗೀರು ಬಿದ್ದರೂ ಅಸಲಿ ನಾಣ್ಯದ ಬೆಲೆ ದಡಕ್ಕನೆ ಇಳಿಯುತ್ತದೆ. ಇನ್ನೊಂದು, ಮನೆಯಲ್ಲಿ ಒಡವೆ ತೊಳೆಯುವ ಹಾಗೆ ಅಂಟುವಾಳದ ನೀರಲ್ಲಿ ಬ್ರಷ್ ಹಾಕಿ ಉಜ್ಜಬೇಡಿ. ಆ ಕೊಳೆ, ಆ ಮಂಕು ಬಣ್ಣ, ಸಂದಿಯಲ್ಲಿ ಕೂತ ಕಪ್ಪು, ಇವೆಲ್ಲ ನಾಣ್ಯದ ವಯಸ್ಸಿಗೆ ಸಾಕ್ಷಿ. ತೊಳೆದು ಹೊಳಪು ಬರಿಸಿದ ನಾಣ್ಯವನ್ನು ಹರಾಜಿನವರು ಒಂದು ನೋಟಕ್ಕೇ ಗುರುತಿಸುತ್ತಾರೆ.

ಹಾಗಾದರೆ ಗೀರು ಬೀಳದಂತೆ ಪರೀಕ್ಷೆ ಹೇಗೆ? ಸಾಂದ್ರತೆ ನೋಡುವುದು. ಇದು ಮನೆಯಲ್ಲೇ ಆಗುತ್ತದೆ. ಒಂದು ಗ್ರಾಂನ ನೂರನೇ ಪಾಲನ್ನು ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಬೇಕು. ಮೊದಲು ನಾಣ್ಯವನ್ನು ಹಾಗೇ ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ತಕ್ಕಡಿ ಮೇಲೆ ಒಂದು ಲೋಟ ನೀರಿಟ್ಟು ಅಂಕಿಯನ್ನು ಸೊನ್ನೆ ಮಾಡಿ. ತೆಳು ದಾರದಲ್ಲಿ ನಾಣ್ಯ ಕಟ್ಟಿ ನೀರಲ್ಲಿ ಇಳಿಬಿಡಿ. ಪೂರ್ತಿ ಮುಳುಗಬೇಕು, ಆದರೆ ತಳಕ್ಕೂ ಗೋಡೆಗೂ ತಾಗಬಾರದು. ಗುಳ್ಳೆ ಅಂಟಿಕೊಂಡಿದ್ದರೆ ಮೆಲ್ಲಗೆ ಅಲ್ಲಾಡಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. 33.4 ಗ್ರಾಂ ತೂಗುವ 20 ಡಾಲರ್ ನಾಣ್ಯ ಅಂತಿಟ್ಟುಕೊಳ್ಳಿ. ನೀರಿನ ಅಂಕಿ 1.93 ಬಂದರೆ ಭಾಗಲಬ್ಧ 17.3. ನೂರಕ್ಕೆ ತೊಂಬತ್ತು ಚಿನ್ನ ಇರುವ ಲೋಹಕ್ಕೆ ಅದು ಸರಿಯಾದ ಅಂಕಿ. ಹಂಬರ್ಟ್‌ನ ಬೆಳ್ಳಿ ಬೆರೆತ ಚಿನ್ನಕ್ಕೆ 17.5 ಹತ್ತಿರ ಬರಬೇಕು. ಹಿತ್ತಾಳೆ ಎಂಟೂವರೆ ದಾಟುವುದು ಕಷ್ಟ. ಸೀಸಕ್ಕೆ 11 ಚಿಲ್ಲರೆ. ಇಂಥ ಲೋಹಗಳ ಮೇಲೆ ಎಷ್ಟೇ ದಪ್ಪ ಗಿಲೀಟು ಹಾಕಿದರೂ ಈ ಲೋಟದ ನೀರಿನ ಮುಂದೆ ಆಟ ನಡೆಯುವುದಿಲ್ಲ. ಎಕ್ಸ್-ರೇ ಬಿಡುವ ಯಂತ್ರವನ್ನು ಜನ ಇದಕ್ಕಿಂತ ಜಾಸ್ತಿ ನಂಬುತ್ತಾರೆ. ಆದರೆ ಆ ಯಂತ್ರ ನೋಡುವುದು ಮೇಲ್ಪದರವನ್ನು ಮಾತ್ರ. ದಪ್ಪ ಲೇಪ ಇದ್ದರೆ ಅದು ಮೋಸ ಹೋಗಬಹುದು. ಎರಡನ್ನೂ ಒಟ್ಟಿಗೆ ಮಾಡಿಸಿದರೆ ಒಳ್ಳೆಯದು. ಉಗುರಿನಷ್ಟು ಸಣ್ಣ ನಾಣ್ಯಕ್ಕೆ ಮಾತ್ರ ನೀರಿನ ಪರೀಕ್ಷೆ ಉಪಯೋಗವಿಲ್ಲ. ಮನೆಯ ತಕ್ಕಡಿ ಅಷ್ಟು ಸೂಕ್ಷ್ಮವಾಗಿರುವುದಿಲ್ಲ.

ತೂಕವೂ ಸಾಂದ್ರತೆಯೂ ಸರಿ ಬಂದವು ಅನ್ನಿ. ಆಗಲೂ ಕೆಲಸ ಮುಗಿಯಲಿಲ್ಲ. ನಿಜವಾಗಿ ಅಪಾಯಕಾರಿ ನಕಲಿಗಳು ಚಿನ್ನದಲ್ಲೇ ಮಾಡಿದವು. ಅಪರೂಪದ ನಾಣ್ಯದ ಬೆಲೆ ಚಿನ್ನದ ಬೆಲೆಗಿಂತ ಎಷ್ಟೋ ಪಟ್ಟು ಇರುವಾಗ ನಕಲಿ ಮಾಡುವವನು ಚಿನ್ನಕ್ಕೆ ಯಾಕೆ ಹಿಂಜರಿಯುತ್ತಾನೆ? 1960–70ರ ದಶಕದಲ್ಲಿ ಲೆಬನಾನ್ ಕಡೆಯಿಂದ ಅಮೆರಿಕದ ಸರ್ಕಾರಿ ಚಿನ್ನದ ನಾಣ್ಯಗಳ ನಕಲಿಗಳು ಹೀಗೇ ಒಳ್ಳೆ ಚಿನ್ನದಲ್ಲಿ ಬಂದಿದ್ದವು. ಇಲ್ಲಿ ತಕ್ಕಡಿ ಸೋಲುತ್ತದೆ, ಕಣ್ಣು ಬೇಕು.

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಒಂದನ್ನು ಕೊಂಡುಕೊಳ್ಳಿ. ಎರಕ ಹೊಯ್ದ ನಕಲಿಯಲ್ಲಿ ಮೈಮೇಲೆ ಸೂಜಿಮೊನೆಯಂಥ ಗುಂಡಿಗಳು ಕಾಣುತ್ತವೆ. ಅಕ್ಷರದ ಬದಿಗಳು ಕರಗಿದಂತೆ ದುಂಡಗಾಗಿರುತ್ತವೆ. ಅಂಚನ್ನು ತಿರುಗಿಸುತ್ತಾ ನೋಡಿ, ಎರಡು ಅರ್ಧ ಸೇರಿದ ಗೆರೆ ಅಥವಾ ಅದನ್ನು ಅರ ಹಾಕಿ ಉಜ್ಜಿದ ಗುರುತು ಸಿಗಬಹುದು. ಹಂಬರ್ಟ್ ನಾಣ್ಯದಲ್ಲಿ ಇದಕ್ಕಿಂತ ಒಳ್ಳೆ ಪರೀಕ್ಷೆ ಇದೆ, ಅದರ ಹಿಂಬದಿ. ಹಂಬರ್ಟ್ ನ್ಯೂಯಾರ್ಕ್‌ನಲ್ಲಿ ಗಡಿಯಾರದ ಕೆಲಸ ಮಾಡುತ್ತಿದ್ದವನು. 1851ರಲ್ಲಿ ಸರ್ಕಾರದ ಪರವಾಗಿ ಚಿನ್ನ ಪರೀಕ್ಷಿಸುವ ಅಧಿಕಾರಿಯಾಗಿ ಸ್ಯಾನ್‌ಫ್ರಾನ್ಸಿಸ್ಕೊಗೆ ಬಂದ. ಹಳೆ ಜೇಬುಗಡಿಯಾರದ ಮುಚ್ಚಳದ ಮೇಲೆ ಯಂತ್ರದಿಂದ ಕೊರೆದ ಸೂಕ್ಷ್ಮ ಗೆರೆಗಳ ಜಾಲ ಇರುತ್ತದಲ್ಲ, ಅದೇ ಜಾಲ ಈ ನಾಣ್ಯದ ಹಿಂಬದಿ ತುಂಬಾ ಇದೆ. ಅಸಲಿಯಲ್ಲಿ ನಡುವಿನಿಂದ ಹೊರಗೆ ಹೋಗುವ ಒಂದೊಂದು ಅಲೆಯೂ ಲೂಪ್‌ನಲ್ಲಿ ಬೇರೆ ಬೇರೆಯಾಗಿ ಎಣಿಸುವಂತೆ ಕಾಣುತ್ತದೆ. ಸವೆದ ಕಡೆ ಗೆರೆಯ ನೆತ್ತಿ ಚಪ್ಪಟೆಯಾಗಿರುತ್ತದೆ, ಕಣಿವೆ ಮಾತ್ರ ಚೊಕ್ಕವಾಗಿ ಉಳಿದಿರುತ್ತದೆ. ಎರಕದಲ್ಲಿ ನೆತ್ತಿಯೂ ಕಣಿವೆಯೂ ಒಂದಕ್ಕೊಂದು ಕಲಸಿಕೊಂಡಿರುತ್ತವೆ. ಒಮ್ಮೆ ಅಸಲಿಯನ್ನು ನೋಡಿದರೆ ಈ ವ್ಯತ್ಯಾಸ ಮರೆಯುವುದಿಲ್ಲ.

ಅಂಚೂ ಮುಖ್ಯ. ಮೊದಮೊದಲ ಹಂಬರ್ಟ್ ನಾಣ್ಯಗಳಲ್ಲಿ ಅವನ ಹೆಸರು, ಹುದ್ದೆ, ವರ್ಷ ಎಲ್ಲಾ ಅಂಚಿನ ಎಂಟು ಪಟ್ಟಿಗಳ ಮೇಲೆ ಬರೆದಿತ್ತು. ಆಮೇಲಿನವುಗಳಲ್ಲಿ ಬರಹ ಮುಖದ ಮೇಲೆ ಬಂತು, ಅಂಚಿಗೆ ಗೀಟು ಬಂತು. ಮೂಲೆ ಜಜ್ಜಿದೆ ಅಂತ ಹೆದರಬೇಡಿ. ಅಷ್ಟು ಭಾರದ ಮೆತ್ತನೆ ಚಿನ್ನ ಮೇಜಿನಿಂದ ಒಮ್ಮೆ ಬಿದ್ದರೂ ಮೂಲೆ ಒಳಗೆ ಹೋಗುತ್ತದೆ. ಎಂಟೂ ಮೂಲೆ ಚೂಪಾಗಿರುವುದೇ ಅಪರೂಪ.

ಅಚ್ಚು ಹೊಡೆದ ನಕಲಿ ಹಿಡಿಯಲು ಇನ್ನೊಂದು ಉಪಾಯ ಇದೆ, ನನಗೆ ತುಂಬಾ ಇಷ್ಟವಾದದ್ದು. ಇಂಥ ನಕಲಿಗೆ ಅಚ್ಚನ್ನು ಒಂದು ಅಸಲಿ ನಾಣ್ಯದಿಂದಲೇ ತೆಗೆದಿರುತ್ತಾರೆ. ಆ ಅಸಲಿಯ ಕೆನ್ನೆಯ ಮೇಲೆ ಒಂದು ಜಜ್ಜು ಇತ್ತು ಅನ್ನಿ. ಆ ಜಜ್ಜು ಅಚ್ಚಿಗೂ ಹೋಗುತ್ತದೆ, ಅದರಿಂದ ಹೊಡೆದ ಪ್ರತಿಯೊಂದಕ್ಕೂ ಬರುತ್ತದೆ. ನಿಜ ಜೀವನದಲ್ಲಿ ಎರಡು ನಾಣ್ಯ ಒಂದೇ ಜಾಗದಲ್ಲಿ ಒಂದೇ ಆಕಾರದ ಪೆಟ್ಟು ತಿನ್ನುವುದು ಸಾಧ್ಯವಿಲ್ಲ. ದೊಡ್ಡ ಹರಾಜು ಸಂಸ್ಥೆಗಳು ತಾವು ಹಿಂದೆ ಮಾರಿದ ನಾಣ್ಯಗಳ ದೊಡ್ಡ ಫೋಟೊಗಳನ್ನು ಎಲ್ಲರಿಗೂ ನೋಡಲು ಇಟ್ಟಿವೆ. ನಿಮ್ಮ ಕೈಯಲ್ಲಿರುವುದನ್ನು ಅವುಗಳ ಪಕ್ಕ ಇಟ್ಟು ತಾಳ್ಮೆಯಿಂದ ನೋಡಿ. ಅದೇ ಜಜ್ಜು ಇನ್ನೊಂದರಲ್ಲೂ ಕಂಡರೆ ಅವು ಬೇರೆ ಬೇರೆ ನಾಣ್ಯವೇ ಅಂತ ಖಾತ್ರಿ ಮಾಡಿಕೊಳ್ಳಿ. ಬೇರೆ ಬೇರೆ ಆಗಿದ್ದರೆ ನಿಮ್ಮದರ ಮೇಲೆ ಗಟ್ಟಿ ಅನುಮಾನ ಇಟ್ಟುಕೊಳ್ಳಿ.

ಹಾಗೇ ಅಕ್ಷರದ ತಪ್ಪು ಕಂಡ ತಕ್ಷಣ ನಕಲಿ ಅನ್ನಬೇಡಿ. ಬೆಕ್ಟ್‌ಲರ್‌ನ ಒಂದು ಡಾಲರ್‌ನಲ್ಲಿ 'ಎನ್' ಅಕ್ಷರ ತಿರುಗುಮುರುಗಾಗಿರುವ ಅಸಲಿ ಅಚ್ಚೇ ಇದೆ. ಡೆನ್ವರ್‌ನ ಕ್ಲಾರ್ಕ್ ಗ್ರೂಬರ್ ಕಂಪನಿ 1860ರಲ್ಲಿ ಹೊಡೆದ 10 ಮತ್ತು 20 ಡಾಲರ್ ನಾಣ್ಯದ ಮೇಲೆ ಪೈಕ್ಸ್ ಪೀಕ್ ಬೆಟ್ಟ ಇದೆ. ನಿಜವಾದ ಬೆಟ್ಟ ಅಗಲ ಭುಜದ್ದು, ನಾಣ್ಯದ ಮೇಲಿನದ್ದು ಚೂಪಾದ ಗೋಪುರ. ಮಾಫಟ್ ಕಂಪನಿಯ ನಾಣ್ಯ ದೂರದಿಂದ ಸರ್ಕಾರಿ ನಾಣ್ಯದಂತೆಯೇ ಕಾಣುತ್ತದೆ, ಆದರೆ ದೇವಿಯ ಕಿರೀಟದ ಮೇಲೆ 'ಲಿಬರ್ಟಿ' ಇರಬೇಕಾದ ಕಡೆ ಕಂಪನಿಯ ಹೆಸರಿದೆ. ಇವು ಯಾವುವೂ ತಪ್ಪಲ್ಲ. ತಪ್ಪನ್ನು ತಿದ್ದಿ 'ಸರಿಯಾಗಿ' ಮಾಡಿದ ನಾಣ್ಯ ಕಂಡರೆ ಮಾತ್ರ ಎಚ್ಚರವಾಗಿ.

ಈಗ ಆ ಕರಡಿ ನಾಣ್ಯಗಳು. ಕ್ಯಾಲಿಫೋರ್ನಿಯಾದಲ್ಲಿ ಚಿಲ್ಲರೆಗೆ ಬರ ಬಂದಾಗ ಕಾಲು ಡಾಲರ್, ಅರ್ಧ ಡಾಲರ್, ಒಂದು ಡಾಲರ್‌ನ ಸಣ್ಣ ಚಿನ್ನದ ನಾಣ್ಯಗಳನ್ನು ಹೊಡೆದದ್ದು ನಿಜ. 1852ರಿಂದ ಶುರುವಾಗಿ 1880ರ ದಶಕದವರೆಗೂ ಬಂದವು. ಮೊದಲಿನವು ಚಲಾವಣೆಗೆ, ಆಮೇಲಿನವು ಹೆಚ್ಚಾಗಿ ನೆನಪಿಗೆ ಇಟ್ಟುಕೊಳ್ಳಲು. ಅಸಲಿಯಲ್ಲಿ ಮುಖಬೆಲೆಯ ಜೊತೆ 'ಡಾಲರ್' ಅಥವಾ 'ಸೆಂಟ್ಸ್' ಅನ್ನುವ ಮಾತು ಯಾವುದಾದರೊಂದು ರೂಪದಲ್ಲಿ ಇದ್ದೇ ಇರುತ್ತದೆ. ಕರಡಿ ಇದ್ದು, ಬರೀ 'ಕ್ಯಾಲಿಫೋರ್ನಿಯಾ ಗೋಲ್ಡ್' ಅಂತಿದ್ದು, ಡಾಲರ್ ಅನ್ನುವ ಮಾತೇ ಇಲ್ಲದಿದ್ದರೆ ಅದು ಆಮೇಲೆ ಪ್ರವಾಸಿಗರಿಗೆ ಮಾಡಿದ ಬಿಲ್ಲೆ. ಹಿತ್ತಾಳೆಯದ್ದೇ ಜಾಸ್ತಿ. ಇನ್ನೊಮ್ಮೆ ಹೋದರೆ ಇದನ್ನು ಮಾತ್ರ ನೋಡಿಕೊಂಡು ಬನ್ನಿ.

ಮುತ್ತಜ್ಜನ ಕಾಗದದ ವಿಷಯ. ಆ ಮನೆಯವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಅವರೂ ನಂಬಿರಬಹುದು. ಆದರೆ ಕಾಗದ ನಾಣ್ಯಕ್ಕೆ ಸಾಕ್ಷಿ ಅಲ್ಲ. ಯೂಟಾದ ಮಾರ್ಕ್ ಹಾಫ್‌ಮನ್ ಹೆಸರು ಕೇಳಿದ್ದೀರಾ? ಹದಿಹರೆಯದಲ್ಲೇ ಒಂದು ಡೈಮ್, ಅಂದ್ರೆ ಹತ್ತು ಸೆಂಟ್ ನಾಣ್ಯದ ಮೇಲೆ ಅಪರೂಪದ ಟಂಕಸಾಲೆ ಗುರುತನ್ನು ತಾನೇ ಹುಟ್ಟಿಸಿದ. ತಜ್ಞರು ಅದನ್ನು ಅಸಲಿ ಅಂದರು. ದೊಡ್ಡವನಾದ ಮೇಲೆ ಮಾರ್ಮನ್ ಇತಿಹಾಸದ ಪತ್ರಗಳನ್ನು, ಆ ಕಾಲದ ನೋಟುಗಳನ್ನು ನಕಲಿ ಮಾಡಿ ಚರ್ಚಿಗೂ ಸಂಗ್ರಹಕಾರರಿಗೂ ಮಾರಿದ. ಹಳೆ ಕಾಗದ, ಹಳೆ ಪಾಕದ ಶಾಯಿ, ನಂಬುವಂಥ ಕಥೆ ಎಲ್ಲವನ್ನೂ ಹೊಂದಿಸುತ್ತಿದ್ದ. ಸಿಕ್ಕಿಬೀಳುವ ಭಯದಲ್ಲಿ 1985ರ ಅಕ್ಟೋಬರ್‌ನಲ್ಲಿ ಬಾಂಬ್ ಇಟ್ಟು ಇಬ್ಬರನ್ನು ಕೊಂದ. 1987ರಲ್ಲಿ ತಪ್ಪೊಪ್ಪಿಕೊಂಡು ಜೀವಾವಧಿ ಶಿಕ್ಷೆಗೆ ಹೋದ. ಕಾಗದ ಬೇಕು ಅಂದ್ರೆ ಹಳೆ ಹರಾಜಿನ ಪಟ್ಟಿ ಕೇಳಿ. ಅದರಲ್ಲಿ ಇದೇ ನಾಣ್ಯದ ಫೋಟೊ ಇರಬೇಕು, ಇದೇ ಗೀರು, ಇದೇ ಜಜ್ಜು ಹೊಂದಬೇಕು. ಅಂಥ ದಾಖಲೆಗೆ ಬೆಲೆ ಇದೆ. ಮನೆತನದ ಕಥೆಗೆ ಇಲ್ಲ.

ಅಸಲಿ ನಾಣ್ಯದಲ್ಲೂ ಒಂದು ಬಲೆ ಇದೆ. ಆ ಕಾಲದಲ್ಲಿ ಇವುಗಳಿಗೆ ತೂತು ಹಾಕಿ, ಕೊಂಡಿ ಬೆಸೆದು ಪದಕ ಮಾಡಿಕೊಳ್ಳುತ್ತಿದ್ದರು. ಆಮೇಲೆ ತೂತು ಮುಚ್ಚಿ, ಗೆರೆಗಳನ್ನು ಕೈಯಲ್ಲಿ ಮತ್ತೆ ಕೆತ್ತಿ ಮಾರುತ್ತಾರೆ. ಬೆಳಕನ್ನು ಓರೆಯಾಗಿ ಬೀಳಿಸಿ ನೋಡಿ. ಒಂದು ಕಡೆ ಮಾತ್ರ ಹೊಳಪು ಬೇರೆಯಾಗಿದ್ದರೆ, ಅಂಚಿನ ಹಲ್ಲು ಒಂದೆರಡು ಕಡೆ ವಕ್ರವಾಗಿದ್ದರೆ ಅಲ್ಲೇ ರಿಪೇರಿ ಆಗಿದೆ. ಇಂಥದ್ದನ್ನು ತಗೊಳ್ಳಬಾರದು ಅಂತಲ್ಲ. ಅಸಲಿ ಬೀವರ್ ಒಂದಕ್ಕೆ ತೂತಿದ್ದರೂ ಅದು ಅಸಲಿ ಬೀವರ್ರೇ. ಬೆಲೆ ಮಾತ್ರ ಆ ಲೆಕ್ಕಕ್ಕೆ ಇಳಿಯಬೇಕು.

ಹೀಗೇ ಇನ್ನೊಂದು ಗೊಂದಲ ಬರಬಹುದು. ಎಸ್‌ಎಸ್ ಸೆಂಟ್ರಲ್ ಅಮೆರಿಕ ಅನ್ನುವ ಹಡಗು 1857ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಚಿನ್ನ ಹೊತ್ತುಕೊಂಡು ಅಟ್ಲಾಂಟಿಕ್‌ನಲ್ಲಿ ಮುಳುಗಿತು. 1988ರಲ್ಲಿ ಅದು ಸಿಕ್ಕಿತು. ಅದರಲ್ಲಿದ್ದ ಗಟ್ಟಿಗಳ ಚಿನ್ನ ತೆಗೆದು, ಕೆಲಾಗ್ ಕಂಪನಿಯ 1855ರ 50 ಡಾಲರ್ ನಾಣ್ಯದ ಮಾದರಿಯಲ್ಲಿ 2001ರಲ್ಲಿ ಹೊಸದಾಗಿ ಹೊಡೆದರು. ಚಿನ್ನ ಹಳೆಯದು, ನಾಣ್ಯ ಹೊಸದು. ಆ ಹಡಗಿನ ಹೆಸರು ಅದರ ಮೇಲೇ ಇದೆ. ನಕಲಿ ಅನ್ನುವ ಹಾಗಿಲ್ಲ, ಆದರೆ 1855ರ ಬೆಲೆ ಕೊಡುವ ಹಾಗೂ ಇಲ್ಲ.

ಶುರು ಮಾಡುವುದಾದರೆ ನನ್ನ ಸಲಹೆ ಹೀಗೆ. ಮೊದಲ ಖರೀದಿ ಪಿಸಿಜಿಎಸ್ ಅಥವಾ ಎನ್‌ಜಿಸಿ ಅನ್ನುವ ನಾಣ್ಯ ಪರೀಕ್ಷಾ ಸಂಸ್ಥೆಯವರು ಪರೀಕ್ಷಿಸಿ ಮುಚ್ಚಿದ ಡಬ್ಬಿಯಲ್ಲಿರುವ ನಾಣ್ಯವೇ ಆಗಿರಲಿ. ಕಾಲು ಡಾಲರ್, ಅರ್ಧ ಡಾಲರ್‌ನ ಸಣ್ಣ ಚಿನ್ನದ ನಾಣ್ಯಗಳು ಕೆಲವು ನೂರು ಡಾಲರ್‌ಗೆ ಸಿಗುತ್ತವೆ. ಡಬ್ಬಿಯನ್ನೂ ನಕಲಿ ಮಾಡುವವರಿದ್ದಾರೆ. ಹಾಗಾಗಿ ಡಬ್ಬಿ ಮೇಲಿನ ನಂಬರನ್ನು ಆ ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿ, ಬರುವ ಫೋಟೊವನ್ನು ಕೈಯಲ್ಲಿರುವ ನಾಣ್ಯದ ಗೀರುಗಳ ಜೊತೆ ಹೋಲಿಸಿ. ನಂಬರ್ ಒಂದೇ ಹೊಂದಿದರೆ ಸಾಲದು, ಯಾಕಂದ್ರೆ ನಕಲಿ ಡಬ್ಬಿಯ ಮೇಲೆ ಅಸಲಿ ನಂಬರನ್ನೇ ಹಾಕಿರುತ್ತಾರೆ. ಆಮೇಲೆ ಮನಸ್ಸಿಗೆ ಹಿಡಿದ ಒಂದು ಟಂಕಸಾಲೆ ಆರಿಸಿಕೊಳ್ಳಿ. ಎಲ್ಲದಕ್ಕೂ ಕೈ ಹಾಕಬೇಡಿ. ಒಬ್ಬನ ಅಚ್ಚುಗಳನ್ನು ಚೆನ್ನಾಗಿ ತಿಳಿದವನಿಗೆ ನಕಲಿ ಮಾರುವುದು ಕಷ್ಟ. ಕೊಳ್ಳುವುದಕ್ಕಿಂತ ನೋಡುವುದಕ್ಕೆ ಜಾಸ್ತಿ ಸಮಯ ಕೊಡಿ. ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಅಮೆರಿಕದ ನಾಣ್ಯ ಸಂಗ್ರಹಕಾರರ ಸಂಘದ ಮ್ಯೂಸಿಯಂ ಇದೆ, ಪೈಕ್ಸ್ ಪೀಕ್ ಅಲ್ಲಿಂದಲೇ ಕಾಣುತ್ತದೆ. ವಾಷಿಂಗ್ಟನ್‌ಗೆ ಹೋದರೆ ಸ್ಮಿತ್ಸೋನಿಯನ್ ಬಿಡಬೇಡಿ. ನಿಮ್ಮ ಕಡೆ ನಡೆಯುವ ನಾಣ್ಯ ಮೇಳಗಳಲ್ಲಿ ಹರಾಜಿನವರು ಮಾರಾಟಕ್ಕೆ ಮೊದಲು ನಾಣ್ಯ ನೋಡಲು ಬಿಡುತ್ತಾರೆ. ಒಂದು ಅಸಲಿ ಹಂಬರ್ಟ್ ಕೈಗೆ ಬಂದಾಗ ಆ ಭಾರ ಅಂಗೈಗೆ ತಿಳಿಯುತ್ತದೆ. ನಿಮ್ಮ 41 ಗ್ರಾಂನ ಬಿಲ್ಲೆ ಆಮೇಲೆ ಯಾವತ್ತೂ ನಿಮ್ಮನ್ನು ಯೋಚನೆಗೆ ಹಚ್ಚುವುದಿಲ್ಲ.

ಊರಿಗೆ ತರುವ ವಿಷಯ ಕೇಳಿದ್ದೀರಿ. ತರಬೇಡಿ, ಅಲ್ಲೇ ಬ್ಯಾಂಕ್ ಲಾಕರಿನಲ್ಲಿಡಿ. ವಿದೇಶದಿಂದ ಮರಳುವವರಿಗೆ ಸುಂಕವಿಲ್ಲದೆ ತರಲು ಬಿಡುವುದು ಒಡವೆ ಮಾತ್ರ, ಚಿನ್ನದ ನಾಣ್ಯಕ್ಕೆ ಆ ರಿಯಾಯಿತಿ ಇಲ್ಲ. ಡಿಕ್ಲೇರ್ ಮಾಡಿ ಸುಂಕ ಕಟ್ಟಬೇಕು. ಅದಕ್ಕಿಂತ ದೊಡ್ಡ ತೊಡಕು, ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತುವೇ. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ಶಿವಮೊಗ್ಗಕ್ಕೆ ತಂದಿಟ್ಟ ಮೇಲೆ ಮಾರಬೇಕು ಅನ್ನಿಸಿದರೆ, ಕೊಳ್ಳುವವರೆಲ್ಲಾ ಅಮೆರಿಕದಲ್ಲಿರುತ್ತಾರೆ, ನಾಣ್ಯ ಇಲ್ಲಿರುತ್ತದೆ. ಮನೆಯವರಿಗೆ ತೋರಿಸಬೇಕು ಅಂದ್ರೆ ಎರಡೂ ಬದಿಯ ಮತ್ತು ಅಂಚಿನ ಒಳ್ಳೆ ಫೋಟೊ ತಗೊಂಡು ಬನ್ನಿ.